ಬ್ಯಾಟರಿಯ ಒಡಲಿಗೊಂದು ಕಿಂಡಿ

ಹುಣಸೂರು ತಾಲ್ಲೂಕಿನ ಹನಗೋಡಿನ ಕಡೆಗೆ ಹೊಗೆಸೊಪ್ಪು ಹದಮಾಡುವ ಕಾಲದಲ್ಲಿ ಹೋದವರಿಗೆ, ಹೊಲಗಳ ನಡುವೆ ಅಲ್ಲಲ್ಲಿ ಎತ್ತರದ ಗೋಡೆಗಳ ಬೋಳುಬೋಳಾದ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಇವೇ ಬ್ಯಾರನ್‌ಗಳು. ಒಳಗೆ ಕೋಲುಗಳಿಗೆ ಕಟ್ಟಿ ಸಾಲುಸಾಲಾಗಿ ತೂಗಹಾಕಿದ ವರ್ಜೀನಿಯಾ ಸೊಪ್ಪು. ಅದರ ಕೆಳಗೆ ಒಲೆಯ ಬಿಸಿಯನ್ನು ಹೊತ್ತು ಸುತ್ತುವ ತಗಡಿನ ಕೊಳವೆಗಳು. ಹೊರಗೆ ಒಲೆಯ ಬಾಯಿ, ಸೌದೆಯ ರಾಶಿ, ನಿದ್ದೆಗೆಟ್ಟ ಮನೆಯವರು. ಸುಮಾರು ಒಂದು ವಾರ ಹಗಲಿರುಳು ಈ ಬಿಸಿಯನ್ನು ಹದವರಿತು ಏರಿಸುತ್ತ ಹೋಗಬೇಕು. ನಡುವೆ ಬಾಗಿಲು ತೆರೆದರೆ ಕಾವು ಇಳಿದು ಬಣ್ಣ ಕೆಡುತ್ತದೆ. ತೆರೆಯದೆ ಕುಳಿತರೆ ಒಳಗೆ ಏನಾಗುತ್ತಿದೆಯೆಂದು ತಿಳಿಯುವುದೆಂತು? ಅದಕ್ಕಾಗಿಯೇ ಗೋಡೆಯಲ್ಲೊಂದು ಪುಟ್ಟ ಗಾಜಿನ ಕಿಂಡಿ, ಕಿಂಡಿಯ ಒಳಮಗ್ಗುಲಲ್ಲಿ ಒಂದು ಉಷ್ಣಮಾಪಕ. ರಾತ್ರಿಯಲ್ಲಿ ಯಜಮಾನನು ದೀಪ ಹಿಡಿದು ಆ ಕಿಂಡಿಯಲ್ಲಿ ಇಣುಕುತ್ತಾನೆ. ಸೊಪ್ಪು ಹಳದಿಗೆ ತಿರುಗಿತೆ, ಎಲೆ ಒಣಗಿತೆ, ನರ ಒಣಗಿತೆ ಎಂಬುದನ್ನು ಅಲ್ಲಿಂದಲೇ ನಿರ್ಣಯಿಸುತ್ತಾನೆ. ಒಣಗಿದ ಒಂದು ಎಲೆ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನೇ ಬೆಂಕಿಗೆ ಆಹುತಿಯಾಗಬಹುದು. ಹೊಗೆಸೊಪ್ಪಿನ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಕೆಲಸ ಮಾಡುತ್ತಿರುವ ವಸ್ತುವಿನ ಒಳಗನ್ನು ಕೆಲಸ ನಿಲ್ಲಿಸದೆ ನೋಡುವುದು ಹೇಗೆ ಎಂಬ ಪ್ರಶ್ನೆಗೆ ರೈತನು ಕಂಡುಕೊಂಡ ಈ ಉತ್ತರವಷ್ಟೇ ಇಲ್ಲಿ ಪ್ರಸ್ತುತ.

ಏಕೆಂದರೆ, ಆ ಯಜಮಾನನ ಕೈಯಲ್ಲಿರುವ ದೀಪಕ್ಕೆ ಅಂಥ ಕಿಂಡಿಯಿಲ್ಲ.

ಇಂದು ಆ ದೀಪ ಸೀಮೆಎಣ್ಣೆಯದಲ್ಲ. ಮರಳಿ ಮರಳಿ ವಿದ್ಯುತ್ತನ್ನು ತುಂಬಬಹುದಾದ ಬ್ಯಾಟರಿಯದು. ನಾಗರಹೊಳೆಯ ಕಾಡಂಚಿನ ಹೊಲಗಳಲ್ಲಿ ಆನೆ ಬರುವ ರಾತ್ರಿಗಳಲ್ಲಿ ಕಾವಲು ಕೂರುವವರು ಜೀವವನ್ನು ನಂಬಿರುವುದು ಇಂಥ ದೀಪದ ಮೇಲೆಯೇ. ಮನೆಯ ಪ್ರತಿಯೊಬ್ಬರ ಕೈಯಲ್ಲಿರುವ ದೂರವಾಣಿಯಲ್ಲಿಯೂ, ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿ ಸದ್ದಿಲ್ಲದೆ ಓಡುವ ಸ್ಕೂಟರಿನಲ್ಲಿಯೂ ಇರುವುದು ಅದೇ ಜಾತಿಯ ಲಿಥಿಯಂ-ಅಯಾನು ಬ್ಯಾಟರಿ. ರಾತ್ರಿ ಸ್ಕೂಟರನ್ನು ಪಡಸಾಲೆಯಲ್ಲಿ ನಿಲ್ಲಿಸಿ ವಿದ್ಯುತ್ತಿಗೆ ಸಿಕ್ಕಿಸಿ ಮಲಗುವ ಮಗನಿಗೆ, “ಅದೇನು ಹೊತ್ತಿಕೊಳ್ಳುವುದಿಲ್ಲ ತಾನೆ, ಮಗು?” ಎಂದು ತಾಯಿ ಕೇಳಿದರೆ, “ಇಲ್ಲಮ್ಮ, ಸುಮ್ಮನೆ ಮಲಗಿಕೊ” ಎಂದು ಮಗ ಗದರಬಹುದು. ಆದರೆ ಪತ್ರಿಕೆಗಳಲ್ಲಿ ಆಗಾಗ ಬರುವ ಬೆಂಕಿಯ ಸುದ್ದಿಗಳನ್ನು ಓದಿದ ತಾಯಿಯ ಪ್ರಶ್ನೆ ಅಷ್ಟು ಹಗುರವಾದುದಲ್ಲ. ಸಾವಿರಾರು ಮಂದಿ ವಿಜ್ಞಾನಿಗಳು ಉತ್ತರ ಹುಡುಕುತ್ತಿರುವುದು ಅದೇ ಪ್ರಶ್ನೆಗೆ.

ತವರು, ಅತ್ತೆಯ ಮನೆ

ಲಿಥಿಯಂ-ಅಯಾನು ಬ್ಯಾಟರಿಯ ರಚನೆಯನ್ನು ತಿಳಿಯಲು ಹೆಚ್ಚಿನ ವಿದ್ಯೆಯೇನೂ ಬೇಡ. ಒಂದು ಕಡೆ ತಾಮ್ರದ ತೆಳುಹಾಳೆಗೆ ಬಳಿದ ಗ್ರಾಫೈಟು, ಅಂದರೆ ನಮ್ಮ ಪೆನ್ಸಿಲಿನ ಕಡ್ಡಿಯ ದ್ರವ್ಯ. ಇನ್ನೊಂದು ಕಡೆ ಅಲ್ಯೂಮಿನಿಯಂ ಹಾಳೆಗೆ ಬಳಿದ, ಕೋಬಾಲ್ಟಿನಂಥ ಲೋಹದ ಆಕ್ಸೈಡು. ಎರಡರ ನಡುವೆ ಕೂದಲೆಳೆಗಿಂತ ತೆಳುವಾದ, ಸುಮಾರು ೨೦ ಮೈಕ್ರಾನು ದಪ್ಪದ ಪ್ಲಾಸ್ಟಿಕ್ಕಿನ ಪರದೆ. ಎಲ್ಲವನ್ನೂ ತೋಯಿಸಿರುವ, ಲಿಥಿಯಂ ಲವಣವನ್ನು ಕರಗಿಸಿದ ಒಂದು ದ್ರಾವಣ. ವಿದ್ಯುತ್ತನ್ನು ತುಂಬುವಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು, ಪರದೆಯ ರಂಧ್ರಗಳಲ್ಲಿ ನುಸುಳಿ, ಗ್ರಾಫೈಟಿನ ಪದರಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ದೀಪ ಹೊತ್ತಿಸಿದಾಗ ಮರಳಿ ಹೊರಡುತ್ತವೆ. ಆಷಾಢಕ್ಕೆ ತವರಿಗೆ ಬಂದು ಶ್ರಾವಣಕ್ಕೆ ಹಿಂದಿರುಗುವ ಹೊಸ ಸೊಸೆಯಂತೆ ಸಾವಿರಾರು ಬಾರಿ ಈ ಓಡಾಟ ನಡೆದರೂ, ಎರಡು ಮನೆಗಳೂ ಸುಸ್ಥಿತಿಯಲ್ಲಿರಬೇಕು. ೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಮೂಲಪುರುಷರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಈ ಮೂವರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ತೊಂದರೆ ಬರುವುದು ಅವಸರದಲ್ಲಿ. ಬೇಗ ತುಂಬಲಿ ಎಂದು ಹೆಚ್ಚು ವಿದ್ಯುತ್ತನ್ನು ನೂಕಿದಾಗ, ಅಥವಾ ಕೊರೆಯುವ ಚಳಿಯಲ್ಲಿ ತುಂಬುವಾಗ, ಅಯಾನುಗಳಿಗೆ ಗ್ರಾಫೈಟಿನ ಒಳಗೆ ಹೋಗಿ ಕೂರಲು ಪುರುಸೊತ್ತಿರುವುದಿಲ್ಲ. ಅವು ಬಾಗಿಲಲ್ಲೇ ಲೋಹವಾಗಿ ಗಟ್ಟಿಗೊಳ್ಳುತ್ತವೆ. ಗ್ರಾಫೈಟಿನ ಬದಲು ಶುದ್ಧ ಲಿಥಿಯಂ ಲೋಹವನ್ನೇ ಇಟ್ಟರೆ ಹಗುರವಾದ ಬ್ಯಾಟರಿಯಲ್ಲಿ ಬಹಳ ಹೆಚ್ಚು ಶಕ್ತಿ ಹಿಡಿಸೀತು. ಆದರೆ ಅಲ್ಲಿ ಈ ಪೀಡೆ ಇನ್ನೂ ಹೆಚ್ಚು. ಲೋಹವು ಸಮವಾಗಿ ಕೂರದೆ ಪಾಚಿಯಂತೆ, ಕೆಲವೊಮ್ಮೆ ಮುಳ್ಳಿನ ಕೊಂಬೆಯಂತೆ ಬೆಳೆಯುತ್ತದೆ. ಡೆಂಡ್ರೈಟ್ ಎಂದು ಇದರ ಹೆಸರು. ಬೆಳೆದ ಮುಳ್ಳು ಪರದೆಯನ್ನು ಚುಚ್ಚಿ ಆಚೆಯ ದಡ ಮುಟ್ಟಿತೆಂದರೆ ಒಳಗೊಳಗೇ ವಿದ್ಯುತ್ ಹರಿದು ಕಾವೇರುತ್ತದೆ, ದ್ರಾವಣ ಹೊತ್ತಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ಕೊನೆಯ ಗಳಿಗೆಯವರೆಗೂ ಯಾವ ಸೂಚನೆಯೂ ಇರುವುದಿಲ್ಲ.

ಹಾಗಾದರೆ ಒಡೆದು ನೋಡಬಾರದೆ? ಒಡೆದೊಡನೆ ಗಾಳಿ, ತೇವ ತಾಗಿ ಲಿಥಿಯಂ ತನ್ನ ರೂಪವನ್ನೇ ಬದಲಿಸುತ್ತದೆ. ಒಡೆದ ಬ್ಯಾಟರಿ ಮತ್ತೆ ಕೆಲಸ ಮಾಡುವುದೂ ಇಲ್ಲ. ಎಕ್ಸ್-ಕಿರಣದ ಚಿತ್ರ ತೆಗೆಯಬಾರದೆ? ಮೂಳೆ ಕಾಣುವಷ್ಟು ಸುಲಭವಾಗಿ ಮಾಂಸ ಕಾಣದಿರುವುದಕ್ಕೆ ಏನು ಕಾರಣವೋ ಇಲ್ಲಿಯೂ ಅದೇ. ಹಗುರವಾದ ಪರಮಾಣುಗಳು ಎಕ್ಸ್-ಕಿರಣವನ್ನು ಅಷ್ಟಾಗಿ ತಡೆಯಲಾರವು. ಲಿಥಿಯಂ ಲೋಹಗಳಲ್ಲೆಲ್ಲ ಅತ್ಯಂತ ಹಗುರ. ಧಾತುಗಳ ಪಂಕ್ತಿಯಲ್ಲಿ ಅದರದು ಮೂರನೆಯ ಎಲೆ. ಸುತ್ತಲೂ ತಾಮ್ರ, ಕೋಬಾಲ್ಟುಗಳಂಥ ಭಾರದ ಜನ ಕುಳಿತಿರುವಾಗ ಈ ಬಡಪಾಯಿ ಕಾಣುವುದಾದರೂ ಹೇಗೆ?

ಇಲ್ಲಿಯೇ ವಿಜ್ಞಾನಿಗಳಿಗೆ ಆಸ್ಪತ್ರೆಯ ನೆನಪಾಯಿತು.

ಜಲತರಂಗದ ಬಟ್ಟಲುಗಳು

ಮೆದುಳಿಗೋ ಬೆನ್ನುಹುರಿಗೋ ತೊಂದರೆಯಾದಾಗ ವೈದ್ಯರು ಬರೆದುಕೊಡುವ ಎಂಆರ್‌ಐ ಪರೀಕ್ಷೆಯನ್ನು ನಗರವಾಸಿಗಳಲ್ಲಿ ಅನೇಕರು ಬಲ್ಲರು. ಢಣಢಣ ಸದ್ದು ಮಾಡುವ ಸುರಂಗದೊಳಗೆ ಅಲುಗಾಡದೆ ಮಲಗುವ ಶಿಕ್ಷೆ ಅದು. ಆ ಸುರಂಗವೇ ಒಂದು ಭಾರಿ ಅಯಸ್ಕಾಂತ. ಸಾಮಾನ್ಯ ಆಸ್ಪತ್ರೆಯ ಯಂತ್ರದ ೧.೫ ಟೆಸ್ಲಾ ಬಲವು ನಮ್ಮ ನೆಲದ ಭೂಕಾಂತಬಲದ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ನಡುಗೇಂದ್ರಗಳು ಒಂದೊಂದೂ ಪುಟಾಣಿ ಕಾಂತಸೂಜಿ. ಬಲವಾದ ಕಾಂತದಲ್ಲಿ ಇವು ಬುಗುರಿಯಂತೆ ಓಲಾಡುತ್ತ ತಿರುಗುತ್ತವೆ. ತಿರುಗುವ ವೇಗಕ್ಕೆ ಸರಿಹೊಂದುವ ರೇಡಿಯೋ ಅಲೆಯನ್ನು ಕಳುಹಿಸಿದರೆ ಅವು ಅದನ್ನು ಹೀರಿ, ಅದೇ ಸ್ವರದಲ್ಲಿ ಮರುದನಿ ಕೊಡುತ್ತವೆ. ೧.೫ ಟೆಸ್ಲಾದಲ್ಲಿ ಹೈಡ್ರೋಜನ್ನಿನ ಸ್ವರ ಸೆಕೆಂಡಿಗೆ ಸುಮಾರು ೬.೪ ಕೋಟಿ ಕಂಪನ. ಲಿಥಿಯಂನದು ಸುಮಾರು ೨.೫ ಕೋಟಿ. ಆದ್ದರಿಂದ ಒಬ್ಬರ ದನಿಯನ್ನು ಇನ್ನೊಬ್ಬರದೆಂದು ತಪ್ಪು ತಿಳಿಯುವ ಭಯವಿಲ್ಲ.

ದನಿ ಕೇಳಿದರೆ ಸಾಲದು, ಅದು ಎಲ್ಲಿಂದ ಬಂತೆಂದು ತಿಳಿಯಬೇಕಷ್ಟೆ. ಜಲತರಂಗ ನುಡಿಸುವವನನ್ನು ನೆನೆದುಕೊಳ್ಳಿ. ಬಟ್ಟಲುಗಳಲ್ಲಿ ನೀರಿನ ಮಟ್ಟ ಬೇರೆಬೇರೆಯಾಗಿರುವುದರಿಂದ, ಕಣ್ಣುಮುಚ್ಚಿ ಕುಳಿತವನೂ ಸ್ವರದಿಂದಲೇ ಯಾವ ಬಟ್ಟಲು ನುಡಿಯಿತೆಂದು ಹೇಳಬಲ್ಲ. ಕಾಂತದ ಬಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲನೆ ಏರುವಂತೆ ಮಾಡಿದರೂ ಇದೇ ಪರಿಣಾಮ: ಸ್ಥಳಕ್ಕೊಂದು ಸ್ವರ. ಅಮೆರಿಕದ ಲಾಟರ್‌ಬರ್ ಎಂಬಾತ ೧೯೭೩ರಲ್ಲಿ ಈ ಉಪಾಯದಿಂದ ನೀರು ತುಂಬಿದ ಎರಡು ಪುಟ್ಟ ನಳಿಗೆಗಳ ಚಿತ್ರವನ್ನು ಪಡೆದನು. ತನ್ನ ವಿಧಾನಕ್ಕೆ ಆತ ಇಟ್ಟ ಹೆಸರಿನ ಮೂಲ, ಎರಡನ್ನು ಒಂದಾಗಿ ಹೂಡುವ ನೊಗವೆಂಬ ಅರ್ಥದ ಗ್ರೀಕ್ ಮಾತು. ಕಾಂತವೂ ರೇಡಿಯೋ ಅಲೆಯೂ ಅವನ ಜೋಡೆತ್ತು. ಹೆಸರು ಉಳಿಯಲಿಲ್ಲ, ನೊಗ ಉಳಿಯಿತು. ೨೦೦೩ರಲ್ಲಿ ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್ ಅವರೊಡನೆ ಆತನಿಗೆ ನೊಬೆಲ್ ಬಂದಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಪರಮಾಣು ಕೇಂದ್ರಗಳ ಈ ಮರುದನಿಯನ್ನು ಬ್ಲಾಕ್ ಮತ್ತು ಪರ್ಸೆಲ್ ಎಂಬ ಇಬ್ಬರು ಅಮೆರಿಕದಲ್ಲಿ ಬೇರೆಬೇರೆಯಾಗಿ ಕಂಡು ಪ್ರಕಟಿಸಿದ್ದು ೧೯೪೬ರಲ್ಲಿ. ಐದೇ ವರ್ಷಗಳ ತರುವಾಯ, ಮೈಸೂರು ಅರಸರು ಕೊಟ್ಟ ನೆಲದಲ್ಲಿ ನಿಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ಭೌತವಿಜ್ಞಾನಿ ಒಂದು ಪ್ರಯೋಗವನ್ನು ಮಾಡಿದರು. ಕಾಂತದ ಎರಡು ಧ್ರುವಗಳ ನಡುವೆ ಬಾಗಿದ ಗಾಜಿನ ನಳಿಗೆ, ನಳಿಗೆಯ ಸುತ್ತ ತಂತಿಯ ಸುರುಳಿ, ನಳಿಗೆಯಲ್ಲಿ ನೀರು. ನೀರು ನಿಂತಿದ್ದಾಗ ಒಂದು ಬಗೆಯ ಸಂಕೇತ. ನೀರನ್ನು ಹರಿಯಬಿಟ್ಟೊಡನೆ ಸಂಕೇತದ ಬಲ ಹೆಚ್ಚಿತು. ನಿಂತ ನೀರಿನ ಪರಮಾಣುಗಳು ರೇಡಿಯೋ ಅಲೆಯನ್ನು ಹೀರಿ ಹೀರಿ ದಣಿಯುತ್ತವೆ. ಹರಿಯುವ ನೀರಿನಲ್ಲಾದರೋ ದಣಿದವು ಹೊರಟುಹೋಗಿ ಅವುಗಳ ಸ್ಥಾನಕ್ಕೆ ಹೊಸಬರು ಬರುತ್ತಲೇ ಇರುತ್ತಾರೆ. ೧೯೫೧ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ನಡವಳಿಯಲ್ಲಿ ಅಚ್ಚಾದ ಈ ಐದು ಪುಟಗಳ ಲೇಖನವನ್ನು, ರಕ್ತದ ಹರಿವನ್ನು ಅಳೆಯುವ ಇಂದಿನ ವಿಧಾನಗಳ ಚರಿತ್ರೆಯನ್ನು ಬರೆಯುವವರು ಮೊದಲ ಸಾಲಿನಲ್ಲಿಯೇ ನೆನೆಯುತ್ತಾರೆ. ಹರಿಯುವುದನ್ನು ಹರಿಯುತ್ತಿರುವಾಗಲೇ, ಮುಟ್ಟದೆ, ತಡೆಯದೆ ನೋಡಬಹುದೆಂದು ತೋರಿಸಿದ್ದು ಸೂರ್ಯನ್ ಅವರ ಹಿರಿಮೆ. ಬ್ಯಾಟರಿಯಲ್ಲಿಯೂ ಬೇಕಾಗಿರುವುದು ಅದೇ ಅಲ್ಲವೆ?

ಎರಡನೆಯ ಎಳೆ ಅನಿಲ್ ಕುಮಾರ್ ಅವರದು. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ರಿಚರ್ಡ್ ಅರ್ನ್ಸ್ಟ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ೧೯೭೫ರಲ್ಲಿ ಅವರು ವೆಲ್ಟಿ ಮತ್ತು ಅರ್ನ್ಸ್ಟ್ ಅವರೊಡನೆ ಒಂದು ಲೇಖನವನ್ನು ಪ್ರಕಟಿಸಿದರು. ಕಾಂತದ ಏರಿಳಿತವನ್ನು ಒಂದು ದಿಕ್ಕಿನ ಅನಂತರ ಇನ್ನೊಂದು ದಿಕ್ಕಿನಲ್ಲಿ ಕ್ರಮವಾಗಿ ಕೊಡುತ್ತ, ಬೆರೆತು ಬಂದ ದನಿಯನ್ನು ಫೂರಿಯೇ ಗಣಿತದಿಂದ ಬಿಡಿಸ್ವರಗಳಾಗಿ ಒಡೆದು, ಅದರಿಂದ ಚಿತ್ರವನ್ನು ಕಟ್ಟುವ ವಿಧಾನ ಅದು. ಇಂದಿನ ಎಂಆರ್‌ಐ ಯಂತ್ರಗಳು ಬಹುಮಟ್ಟಿಗೆ ನಡೆಯುತ್ತಿರುವುದು ಆ ದಾರಿಯಲ್ಲಿಯೇ. ಆ ಲೇಖನದ ಮೊದಲ ಹೆಸರು ಅನಿಲ್ ಕುಮಾರ್ ಅವರದು. ಮುಂದೆ ಅವರು ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಭೌತವಿಜ್ಞಾನವನ್ನು ಕಲಿಸಿದರು. ಅರ್ನ್ಸ್ಟ್ ಅವರಿಗೆ ೧೯೯೧ರಲ್ಲಿ ನೊಬೆಲ್ ಬಂದಿತು. ನಮ್ಮ ಪಠ್ಯಪುಸ್ತಕಗಳು ಈ ಎರಡು ಹೆಸರುಗಳಿಗೆ ಒಂದು ಸಾಲನ್ನಾದರೂ ಮೀಸಲಿಡಬಹುದಾಗಿತ್ತು.

ಬ್ಯಾಟರಿ ಸುರಂಗವನ್ನು ಹೊಕ್ಕಾಗ

ಮನುಷ್ಯನನ್ನು ಮಲಗಿಸುವಲ್ಲಿ ಬ್ಯಾಟರಿಯನ್ನು ಇಟ್ಟರಾಯಿತು ಎಂದುಕೊಂಡರೆ ಅದು ಅಷ್ಟು ಸುಲಭವಲ್ಲ. ಆಸ್ಪತ್ರೆಯಲ್ಲಿ ಒಳಹೋಗುವ ಮುನ್ನ ಬಳೆ, ಸರ, ಬೀಗದ ಕೈ ಎಲ್ಲವನ್ನೂ ತೆಗೆದಿಡಿಸುತ್ತಾರೆ. ಬ್ಯಾಟರಿಯಾದರೋ ಅಡಿಯಿಂದ ಮುಡಿಯವರೆಗೆ ಲೋಹವೇ. ಉಕ್ಕಿನ ಡಬ್ಬಿಯನ್ನು ಕಾಂತ ಸೆಳೆದುಕೊಂಡೀತು. ಡಬ್ಬಿಯನ್ನು ತೆಗೆದರೂ ಒಳಗಿನ ಲೋಹದ ಹಾಳೆಗಳು ರೇಡಿಯೋ ಅಲೆಯನ್ನು ತಡೆಯುತ್ತವೆ. ಆದ್ದರಿಂದ ಪ್ರಯೋಗಕ್ಕೆಂದೇ ಪ್ಲಾಸ್ಟಿಕ್ಕಿನ ಒಡಲಿನ ಪುಟ್ಟ ಬ್ಯಾಟರಿಗಳನ್ನು ಮಾಡಿ, ಸುರಂಗದೊಳಗಿನಿಂದ ತಂತಿಗಳನ್ನು ಹೊರಕ್ಕೆಳೆದು, ವಿದ್ಯುತ್ತನ್ನು ತುಂಬುತ್ತ ತೆಗೆಯುತ್ತಲೇ ಅವುಗಳ ಮರುದನಿಯನ್ನು ಕೇಳಬೇಕಾಯಿತು.

೨೦೧೦ರಲ್ಲಿ ಕ್ಲೇರ್ ಗ್ರೇ ಎಂಬ ವಿದುಷಿಯ ತಂಡ ಇದರಲ್ಲಿ ಮೊದಲ ದೊಡ್ಡ ಹೆಜ್ಜೆಯಿಟ್ಟಿತು. ಚಿತ್ರವಿಲ್ಲದ ಬರಿಯ ದನಿ ಅದು; ಆದರೂ ಬ್ಯಾಟರಿ ಕೆಲಸ ಮಾಡುತ್ತಿರುವಾಗಲೇ ಎಷ್ಟು ಲಿಥಿಯಂ ಪಾಚಿಯಾಗಿ ಬೆಳೆಯಿತೆಂದು ಅಳೆಯಲು ಸಾಧ್ಯವಾಯಿತು. ಆ ಲೇಖನದ ಮೊದಲ ಕರ್ತೃ ರಂಗೀತ್ ಭಟ್ಟಾಚಾರ್ಯ. ಎರಡು ವರ್ಷಗಳ ಅನಂತರ, ೨೦೧೨ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಅಲೆಕ್ಸಿ ಯರ್ಶೋ ಮತ್ತು ಗ್ರೇ ಅವರ ತಂಡಗಳು ಕೂಡಿ ಚಿತ್ರವನ್ನೇ ತೆಗೆದುವು. ಅದರ ಮೊದಲ ಕರ್ತೃ ಎಸ್. ಚಂದ್ರಶೇಖರ್. ಪಾಚಿ ಎಷ್ಟು ಎಂಬುದರ ಜೊತೆಗೆ, ಎಲ್ಲಿ ಎಂಬುದೂ ಈಗ ಕಂಡಿತು.

ಇಲ್ಲೊಂದು ಸ್ವಾರಸ್ಯವಿದೆ. ಲೋಹ ರೇಡಿಯೋ ಅಲೆಗೆ ಅಡ್ಡಿಯೆಂದೆವಷ್ಟೆ. ಅಲೆಯು ಲಿಥಿಯಂ ಲೋಹದೊಳಕ್ಕೆ ಹತ್ತು ಹದಿನೈದು ಮೈಕ್ರಾನಿನಷ್ಟು ಮಾತ್ರ ಇಳಿಯುತ್ತದೆ. ಆದ್ದರಿಂದ ಗಟ್ಟಿಯಾದ ಲೋಹದ ತಗಡು ತನ್ನ ಮೇಲ್ಪದರದಿಂದಷ್ಟೇ ಕ್ಷೀಣವಾಗಿ ಉಸುರುತ್ತದೆ. ಪಾಚಿಯ ಎಳೆಗಳಾದರೋ ಅದಕ್ಕಿಂತಲೂ ತೆಳು. ಅಲೆ ಅವುಗಳ ಮೈಯೆಲ್ಲ ಹೊಕ್ಕು ಬರುತ್ತದೆ, ಅವು ಗಟ್ಟಿಯಾಗಿ ಕೂಗುತ್ತವೆ. ವಿಧಾನದ ಕೊರತೆಯೆಂದುಕೊಂಡದ್ದೇ ಕಳ್ಳನನ್ನು ಹಿಡಿದುಕೊಟ್ಟಿತು! ಜೊತೆಗೆ, ಲೋಹರೂಪದ ಲಿಥಿಯಂನ ಸ್ವರ ದ್ರಾವಣದಲ್ಲಿರುವ ಅಯಾನಿನ ಸ್ವರಕ್ಕಿಂತ ಹತ್ತು ಲಕ್ಷದಲ್ಲಿ ಸುಮಾರು ೨೫೦ ಪಾಲಿನಷ್ಟು ಮೇಲೆ. ಒಂದೇ ತಂತಿಯನ್ನು ಎಳ್ಳಷ್ಟು ಬಿಗಿದಂತೆ. ಕಿವಿಗೆ ಇದು ಗೊತ್ತಾಗದಿರಬಹುದು. ಯಂತ್ರಕ್ಕೆ ಅದು ಹಗಲಿನಷ್ಟು ಸ್ಪಷ್ಟ.

ಪಾಚಿ ಯಾವಾಗ ಮುಳ್ಳಾಗುತ್ತದೆ? ೨೦೧೫ರಲ್ಲಿ ಅದೇ ಬಳಗದವರು ಲೋಹವನ್ನೂ ದ್ರಾವಣವನ್ನೂ ಒಟ್ಟಿಗೇ ಚಿತ್ರಿಸಿ ನೋಡಿದರು. ಉತ್ತರವನ್ನು ಹನಗೋಡಿನವರಿಗೆ ಹೇಳುವುದು ಸುಲಭ. ಲಕ್ಷ್ಮಣತೀರ್ಥದ ಅಣೆಕಟ್ಟೆಯಿಂದ ಹೊರಟ ನಾಲೆಯಲ್ಲಿ ಮೇಲಿನವರೆಲ್ಲ ಒಮ್ಮೆಗೇ ತೂಬು ಎತ್ತಿದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಹಾಗೆಯೇ, ವಿದ್ಯುತ್ತನ್ನು ಅತಿಯಾಗಿ ಎಳೆದಾಗ ಲೋಹದ ಮಗ್ಗುಲಲ್ಲಿರುವ ದ್ರಾವಣದ ಲವಣವೆಲ್ಲ ಮುಗಿದುಹೋಗುತ್ತದೆ. ಹಿಂದಿನಿಂದ ಬರುವುದು ಸಾಲದಾಗುತ್ತದೆ. ಲವಣ ಬತ್ತಿದ ಆ ಗಳಿಗೆಯಲ್ಲಿಯೇ, ಅದುವರೆಗೆ ಪಾಚಿಯಂತಿದ್ದ ಬೆಳವಣಿಗೆ ಕೊಂಬೆಯೊಡೆದು ಆಚೆಯ ದಡದತ್ತ ಓಡತೊಡಗುತ್ತದೆ. ಎಷ್ಟು ಅವಸರ ಸಲ್ಲದು ಎಂಬುದಕ್ಕೆ ಹೀಗೆ ಕಣ್ಣಾರೆ ಕಂಡ ಒಂದು ಲೆಕ್ಕ ದೊರೆಯಿತು.

ಲಿಥಿಯಂನ ದನಿ ಕ್ಷೀಣ; ಅದರ ಚಿತ್ರಕ್ಕೆ ಬಹಳ ಹೊತ್ತು ಕಾಯಬೇಕು. ಓಡುವ ಕಳ್ಳನ ಪಟವನ್ನು ನಿಧಾನವಾದ ಕ್ಯಾಮರಾದಲ್ಲಿ ತೆಗೆದಂತಾಗುತ್ತಿತ್ತು. ೨೦೧೬ರಲ್ಲಿ ಯರ್ಶೋ ಅವರ ತಂಡದ ಇಲೊಟ್ ಮೊದಲಾದವರು ಜಾಣತನದ ದಾರಿಯೊಂದನ್ನು ಹಿಡಿದರು. ಲಿಥಿಯಂ ಇರಲಿ, ದ್ರಾವಣದಲ್ಲಿರುವ ಹೈಡ್ರೋಜನ್ನಿನ ಚಿತ್ರವನ್ನೇ ತೆಗೆಯೋಣ. ಅದರ ದನಿ ಗಟ್ಟಿ. ಮುಳ್ಳು ಬೆಳೆದಲ್ಲೆಲ್ಲ ದ್ರಾವಣ ಸರಿದು ಚಿತ್ರದಲ್ಲಿ ಕಪ್ಪು ಬೀಳುತ್ತದೆ. ಭತ್ತದ ಗದ್ದೆಯಲ್ಲಿ ಪೈರು ಬಾಗಿದ ಜಾಡಿನಿಂದಲೇ ಆನೆ ಹೋದ ದಾರಿಯನ್ನು ಹೇಳುವುದಿಲ್ಲವೆ, ಹಾಗೆ. ಉದ್ದ, ಅಗಲ, ಎತ್ತರ ಮೂರೂ ಇರುವ ಚಿತ್ರಗಳು ಒಂದರ ಹಿಂದೊಂದು ಬಂದುವು.

ಇಷ್ಟಾದರೂ ಇವೆಲ್ಲ ಪ್ರಯೋಗಕ್ಕೆಂದು ಮಾಡಿದ ಬ್ಯಾಟರಿಗಳು. ತಾಯಿಯ ಪಡಸಾಲೆಯಲ್ಲಿರುವ, ಲೋಹದ ಅಂಗಿ ತೊಟ್ಟ ನಿಜವಾದ ಬ್ಯಾಟರಿಗೆ ಏನು ದಾರಿ? ೨೦೧೮ರಲ್ಲಿ ಅದೇ ತಂಡ ಕೊಟ್ಟ ಉತ್ತರ ಕೇಳಿದರೆ ನಗು ಬರುವಷ್ಟು ಸರಳ: ಒಳಗೆ ನೋಡಲೇಬೇಡಿ, ಪಕ್ಕದಲ್ಲಿ ನೀರಿಡಿ. ಬ್ಯಾಟರಿ ತುಂಬುತ್ತ ಬರಿದಾಗುತ್ತ ಇರುವಾಗ ಅದರ ದ್ರವ್ಯಗಳ ಕಾಂತಗುಣ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಹೊರಗಿನ ಕಾಂತಕ್ಷೇತ್ರವೂ ಅದಕ್ಕೆ ತಕ್ಕಂತೆ ಕಿಂಚಿತ್ತು ಬಾಗುತ್ತದೆ. ಮಗ್ಗುಲಲ್ಲಿರುವ ನೀರಿನ ಹೈಡ್ರೋಜನ್ ಆ ಬಾಗುವಿಕೆಯನ್ನು ತನ್ನ ಸ್ವರದಲ್ಲಿ ಹೇಳಿಬಿಡುತ್ತದೆ. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತು ಉಳಿದಿದೆ, ಒಳಗೆ ಎಲ್ಲಿಯಾದರೂ ಹಾಳೆ ಸುಕ್ಕುಗಟ್ಟಿದೆಯೆ, ದೋಷವಿದೆಯೆ ಎಂಬುದು ಈ ರೀತಿ, ಒಡೆಯದೆ, ಅಲೆಯನ್ನು ಒಳಕ್ಕೆ ಕಳುಹಿಸುವ ಗೋಜೂ ಇಲ್ಲದೆ ತಿಳಿಯುತ್ತದೆ. ಮನೆಯೊಳಗಿನ ಜಗಳವನ್ನು ನೆರೆಮನೆಯವರ ಮುಖದಲ್ಲಿ ಓದಿದಂತೆ!

ಎಲ್ಲವೂ ಕೈಗೂಡಿತೆಂದು ಹೇಳುವುದು ಆತುರದ ಮಾತಾದೀತು. ಈ ಚಿತ್ರಗಳು ಇನ್ನೂ ಒರಟು; ಒಂದೊಂದು ಮುಳ್ಳಿನ ತುದಿಯನ್ನು ತೋರಿಸಲಾರವು. ದೊಡ್ಡ ಕಾಂತವೊಂದನ್ನು ಸಾಕುವುದು ಆನೆ ಸಾಕುವುದಕ್ಕಿಂತ ದುಬಾರಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ನಾಗ ಫಣಿ ಏತುಕೂರಿ ಅವರ ತಂಡ, ದ್ರಾವಣದ ಬದಲು ಘನವಸ್ತುವನ್ನೇ ಬಳಸುವ ಬ್ಯಾಟರಿಗಳ ಮೇಲೆ ೨೦೨೨ರಲ್ಲಿ ಪ್ರಕಟಿಸಿದ ಶೋಧಕ್ಕೆ ಎಂಆರ್‌ಐಯನ್ನು ನೆಚ್ಚಿರಲಿಲ್ಲ. ಕೋಶಗಳನ್ನು ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿಯಲ್ಲಿ ನೋಡುವ ಶ್ರಮದ ದಾರಿ ಅವರದು. ವಿದ್ಯುತ್ತನ್ನು ತೆಗೆಯುವಾಗ ಲಿಥಿಯಂ ಲೋಹದ ಮೈಯಲ್ಲಿ ಸೂಕ್ಷ್ಮವಾದ ಪೊಳ್ಳುಗಳು ಮೂಡುತ್ತವೆ, ಮುಳ್ಳು ಹುಟ್ಟುವುದಕ್ಕೂ ಆ ಪೊಳ್ಳುಗಳಿಗೂ ನೇರ ಸಂಬಂಧವಿದೆ ಎಂದು ಅವರು ಕಂಡರು. ಲಿಥಿಯಂಗೂ ಘನವಸ್ತುವಿಗೂ ನಡುವೆ ಟಂಗ್‌ಸ್ಟನ್ನಿನಂಥ ಲೋಹದ ಅತಿ ತೆಳುವಾದ ಲೇಪವನ್ನು ಕೊಟ್ಟರೆ ಪೊಳ್ಳು ಮೂಡುವುದು ತಡವಾಗುತ್ತದೆ, ಮುಳ್ಳೂ ತಡವಾಗುತ್ತದೆ. ಕಿಂಡಿಯಲ್ಲಿ ಇಣುಕುವವರೂ ಬೇಕು, ಬಾಗಿಲು ತೆರೆದು ನೋಡುವವರೂ ಬೇಕು.

ಲಿಥಿಯಂ ಎಲ್ಲ ದೇಶಗಳಿಗೂ ಸಾಕಷ್ಟು ದೊರೆಯುವ ವಸ್ತುವಲ್ಲ. ನೆರೆಯ ಮಂಡ್ಯ ಜಿಲ್ಲೆಯ ಮರ್ಲಗಲ್ಲ, ಅಲ್ಲಾಪಟ್ಟಣಗಳ ಬಂಡೆಗಳಲ್ಲಿ ಸುಮಾರು ೧,೬೦೦ ಟನ್ ಲಿಥಿಯಂ ಇರಬಹುದೆಂದು ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದಾಗ ನಮ್ಮವರು ಹಿಗ್ಗಿದ್ದುಂಟು. ದೇಶದ ಹಸಿವಿನೆದುರು ಅದು ತೀರ ಚಿಕ್ಕ ತುತ್ತು. ಆದ್ದರಿಂದ ಕಣ್ಣು ಈಗ ಸೋಡಿಯಂ ಕಡೆಗೆ ಹೊರಳಿದೆ. ಅಡಿಗೆಮನೆಯ ಉಪ್ಪಿನಲ್ಲಿರುವ ಸೋಡಿಯಂ ಅದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸೋಡಿಯಂ ಬ್ಯಾಟರಿಯ ಕೆಲಸ ನಡೆದಿದೆ. ಸೋಡಿಯಂ ಕೇಂದ್ರಕ್ಕೂ ಕಾಂತದಲ್ಲಿ ತನ್ನದೇ ಸ್ವರವುಂಟು. ೨೦೨೦ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮೆಲನಿ ಬ್ರಿಟನ್ ಮತ್ತು ಸಂಗಡಿಗರು ಕೆಲಸ ಮಾಡುತ್ತಿರುವ ಸೋಡಿಯಂ ಬ್ಯಾಟರಿಯೊಂದನ್ನು ಸುರಂಗಕ್ಕೆ ಕಳುಹಿಸಿ ಚಿತ್ರ ತೆಗೆದರು. ಅದರೊಳಗೂ, ತುಂಬುವ ಹೊತ್ತಿನಲ್ಲಿ, ಲೋಹದ ಪಾಚಿ ಬೆಳೆಯುತ್ತಿರುವುದು ಕಾಣಿಸಿತು.